ಅಳಿವೆಯ ಕೆಸರು ಮತ್ತು ಬೆಳೆಯುವ ಪಟ್ಟಣ

(ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣದ ಬರಹರೂಪ)



ಕಾವ್ಯವನ್ನೂ ವ್ಯಾಕರಣವನ್ನೂ ಪಾಠ ಹೇಳುವುದೇ ನಮ್ಮ ವೃತ್ತಿ. ಅಂತಹ ನಾವು ಈ ಶುಭಸಮಾರಂಭದಲ್ಲಿ ಹೊಳೆಯ ಕೆಸರನ್ನು ಕುರಿತು ಮಾತನಾಡಲು ನಿಂತುದನ್ನು ಕಂಡು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಕವಿಗಳು ತಾವರೆಯನ್ನು ಪಂಕಜವೆಂದು ಕರೆದಿದ್ದಾರೆ. ಹೂವಿನ ಹೆಸರಿನಲ್ಲಿಯೇ ಕೆಸರು ಅಡಗಿದೆ. ಆದರೂ ಪಂಡಿತರು ಹೂವನ್ನು ಮೆಚ್ಚಿದರೇ ಹೊರತು ಕೆಸರಿನತ್ತ ಬಗ್ಗಿ ನೋಡಿದುದು ಕಡಿಮೆ. ಆ ಲೋಪವನ್ನು ಇಂದು ಅರ್ಧ ಗಂಟೆಯ ಮಟ್ಟಿಗಾದರೂ ಸರಿಪಡಿಸಿಕೊಳ್ಳಬೇಕೆಂಬುದು ನಮ್ಮ ಆಸೆ.

ನಮ್ಮದು ಹೊಳೆಗಳ ನಾಡು. ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳಿವೆಯೆಂದು ಲೆಕ್ಕ. ಮಂಜೇಶ್ವರದಿಂದ ತೆಂಕಣಕ್ಕೆ ಹೊರಟರೆ ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲು, ಚಂದ್ರಗಿರಿ ಎಂದು ಒಂದಾದ ಮೇಲೊಂದು ಹೊಳೆ ಹೆದ್ದಾರಿಗೆ ಅಡ್ಡಲಾಗಿ ಹರಿದು ಕಡಲನ್ನು ಸೇರುತ್ತದೆ. ಆ ಹೆದ್ದಾರಿಯ ಉದ್ದಕ್ಕೂ ಪೇಟೆಗಳು ಬೆಳೆಯುತ್ತಿವೆ. ನಿನ್ನೆಯ ಗದ್ದೆಯು ಇಂದು ಅಂಗಡಿಸಾಲಾಗಿದೆ. ನಿನ್ನೆಯ ಮುರಕಲ್ಲಿನ ಗುಡ್ಡವು ಇಂದು ಮನೆಯ ನಿವೇಶನವಾಗಿದೆ. ಈ ಬೆಳವಣಿಗೆಯನ್ನು ನಾವು ದಿನವೂ ನೆಲದ ಮೇಲೆ ಕಾಣುತ್ತೇವೆ. ಆದರೆ ಪೇಟೆಯು ಬೆಳೆದಂತೆಲ್ಲ ಹೊಳೆಯು ಕಡಲನ್ನು ಸೇರುವ ಅಳಿವೆಯ ತಳದಲ್ಲಿಯೂ ಒಂದು ಮಾರ್ಪಾಡು ನಡೆಯುತ್ತಿರುತ್ತದೆ. ನೀರಿನ ಕೆಳಗೆ ನಡೆಯುವುದರಿಂದ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಯ ಕೆಸರಿನಲ್ಲಿ ಸಂಗ್ರಹವಾಗುವ ಇಂಗಾಲವೇ ನಮ್ಮ ಇಂದಿನ ವಿಷಯ.

ಇಂಗಾಲವೆಂಬ ಮಾತು ತಮಗೆ ಹೊಸದಲ್ಲ. ತೋಟವುಳ್ಳವರ ಮನೆಗಳಲ್ಲಿ ಮಣ್ಣು ಪರೀಕ್ಷೆಯ ಚೀಟಿ ಇರುವುದುಂಟು. ಸಾರಜನಕ, ರಂಜಕಗಳ ಜೊತೆಗೆ ಅದರಲ್ಲಿ ‘ಸಾವಯವ ಇಂಗಾಲ’ವೆಂಬ ಒಂದು ಸಾಲೂ ಇರುತ್ತದೆ. ಅದು ಕಡಿಮೆಯೆಂದು ಕಂಡರೆ ಸೊಪ್ಪು ಹಾಕಿರಿ, ಹಟ್ಟಿಗೊಬ್ಬರ ಹಾಕಿರಿ ಎಂದು ಕೃಷಿಯನ್ನು ಬಲ್ಲವರು ಹೇಳುತ್ತಾರೆ. ಜೀವಿಗಳ ದೇಹದಿಂದ ಬಂದ ಇಂಗಾಲವೇ ಸಾವಯವ ಇಂಗಾಲ. ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹಸಿರೆಲೆಯು ಬಿಸಿಲಿನ ಬಲದಿಂದ ಹೀರಿ ತನ್ನ ಒಡಲನ್ನು ಕಟ್ಟಿಕೊಳ್ಳುತ್ತದೆ. ಎಲೆ ಉದುರಿ ಕೊಳೆತಾಗ ಆ ಇಂಗಾಲದ ಹೆಚ್ಚಿನ ಪಾಲು ಮತ್ತೆ ಗಾಳಿಗೆ ಮರಳುತ್ತದೆ. ಒಂದು ಸಣ್ಣ ಪಾಲು ಮಣ್ಣಿನಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಹೊಳೆಯು ಮಣ್ಣನ್ನು ಕೊಚ್ಚಿಕೊಂಡು ಹೋಗುವಾಗ ಈ ಇಂಗಾಲವನ್ನೂ ಹೊತ್ತುಕೊಂಡು ಹೋಗುತ್ತದೆ. ಅಳಿವೆಯಲ್ಲಿ ಸಿಹಿನೀರು ಉಪ್ಪುನೀರನ್ನು ಕೂಡಿದೊಡನೆ ಜೇಡಿಯ ನವುರಾದ ಕಣಗಳು ಒಂದಕ್ಕೊಂದು ಅಂಟಿಕೊಂಡು ತೂಕವಾಗಿ ತಳಕ್ಕಿಳಿಯುತ್ತವೆ. ಕಣಗಳಿಗೆ ಅಂಟಿದ ಇಂಗಾಲವೂ ಅವುಗಳೊಡನೆ ಇಳಿಯುತ್ತದೆ. ಅಳಿವೆಯ ನೀರಿನಲ್ಲಿಯೇ ಹುಟ್ಟಿ ಸಾಯುವ ಪಾಚಿಯೂ ಅದಕ್ಕೆ ಸೇರುತ್ತದೆ.

ಈ ಕೆಲಸವು ನೋಟಕ್ಕೆ ಅಲ್ಪವೆನಿಸಿದರೂ ಅದರ ಮೊತ್ತ ಅಲ್ಪವಲ್ಲ. ಸಾಗರದ ತಳದಲ್ಲಿ ಹೂತುಹೋಗುವ ಸಾವಯವ ಇಂಗಾಲದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚಾದುದು ನಡುಗಡಲಿನ ಆಳದಲ್ಲಿ ಅಲ್ಲ, ನದೀಮುಖಗಳಲ್ಲಿಯೂ ಕರಾವಳಿಯ ಅಂಚಿನಲ್ಲಿಯೂ ಹೂಳುತ್ತದೆಯೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಜಗತ್ತಿನ ದೊಡ್ಡ ಪಟ್ಟಣಗಳಲ್ಲಿ ಅನೇಕವು ನಿಂತಿರುವುದು ಇಂತಹ ಅಂಚಿನಲ್ಲಿಯೇ. ಹೀಗೆ ಭೂಮಿಯು ಇಂಗಾಲವನ್ನು ಕೂಡಿಡುವ ಉಗ್ರಾಣದ ಬಾಗಿಲಿನಲ್ಲಿಯೇ ಮನುಷ್ಯನು ಮನೆ ಕಟ್ಟಿಕೊಂಡಿದ್ದಾನೆ.

ಕೆಸರು ಕೇವಲ ಉಗ್ರಾಣವಲ್ಲ, ಲೆಕ್ಕದ ಪುಸ್ತಕವೂ ಹೌದು. ಕಡತವೆಂದರೆ ಇಂದು ಕಚೇರಿಯ ಕಾಗದಪತ್ರಗಳ ಕಟ್ಟು. ನಮ್ಮ ಹಿರಿಯರ ಕಾಲದಲ್ಲಿ ಕಡತವು ಬಟ್ಟೆಯದಾಗಿತ್ತು. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅಳಿವೆಯ ತಳವೂ ಅಂತಹುದೇ ಒಂದು ಕಪ್ಪು ಕಡತ. ಅದರ ಮಡಿಕೆಗಳೆಂದರೆ ವರ್ಷ ವರ್ಷದ ಪದರಗಳು. ವಿಜ್ಞಾನಿಗಳು ಕೊಳವೆಯನ್ನು ಕೆಸರಿಗೆ ಇಳಿಸಿ ಪದರಗಳು ಕಲಸದಂತೆ ಎತ್ತಿ ತೆಗೆದು, ಒಂದೊಂದು ಬೆರಳಷ್ಟು ದಪ್ಪಕ್ಕೆ ಕತ್ತರಿಸಿ ಓದುತ್ತಾರೆ.

ಈ ಓದಿಗೂ ಒಂದು ವ್ಯಾಕರಣವಿದೆ. ಮೊದಲನೆಯದು ಕಾಲನಿರ್ಣಯ. ಗಾಳಿಯಿಂದ ನೆಲಕ್ಕಿಳಿಯುವ ಒಂದು ಬಗೆಯ ಸೀಸವು ಸುಮಾರು 22 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಪದರದಲ್ಲಿ ಅದು ಎಷ್ಟು ಉಳಿದಿದೆಯೆಂಬುದರಿಂದ ಪದರದ ವಯಸ್ಸನ್ನು ಅಳೆಯುತ್ತಾರೆ. ಅಣುಬಾಂಬಿನ ಪರೀಕ್ಷೆಗಳು ಗಾಳಿಯಲ್ಲಿ ತುಂಬಿದ ಸೀಸಿಯಮ್ಮಿನ ಬೀಳುವಿಕೆಯು 1963ರ ಹೊತ್ತಿಗೆ ತುತ್ತತುದಿಯನ್ನು ಮುಟ್ಟಿತ್ತು. ಆ ಗುರುತು ಕಂಡ ಪದರ 1963ರದೆಂದು ತಿಳಿಯಬಹುದು. ಎರಡನೆಯದು ಇಂಗಾಲದ ಹುಟ್ಟನ್ನು ಅರಿಯುವುದು. ನೀರಿನ ಪಾಚಿಯಲ್ಲಿ ಸಾರಜನಕದ ಒಂದು ಅಣುವಿಗೆ ಇಂಗಾಲದ ಆರೇಳು ಅಣುಗಳಿರುತ್ತವೆ. ನೆಲದ ಮರಗಿಡಗಳ ಎಲೆ ಕಡ್ಡಿಗಳಲ್ಲಿ ಈ ಪ್ರಮಾಣ ಇಪ್ಪತ್ತನ್ನೂ ಮೀರುತ್ತದೆ. ಇಂಗಾಲದಲ್ಲಿಯೇ ಹಗುರ, ಭಾರ ಎಂಬ ಎರಡು ಬಗೆಗಳಿವೆ. ಕಾಡುಮರಗಳ ಎಲೆಯು ಕಡಲಪಾಚಿಗಿಂತ ಹಗುರವಾದುದನ್ನು ಹೆಚ್ಚಾಗಿ ಹಿಡಿದಿರುತ್ತದೆ. ಇನ್ನು ಮನುಷ್ಯನ ಮಲದಲ್ಲಿ ಕೊಪ್ರೊಸ್ಟನಾಲ್ ಎಂಬ ಒಂದು ಪದಾರ್ಥವಿರುತ್ತದೆ. ಕೆಸರಿನಲ್ಲಿ ಅದು ಕಂಡುಬಂದರೆ ಪಟ್ಟಣದ ಚರಂಡಿ ಅಲ್ಲಿಯವರೆಗೆ ಬಂದಿದೆಯೆಂದೇ ಅರ್ಥ. ಧಾತುವನ್ನೂ ಪ್ರತ್ಯಯವನ್ನೂ ಬಿಡಿಸಿ ಶಬ್ದದ ಮೂಲವನ್ನು ಹೇಳುವ ವೈಯಾಕರಣನ ಕೆಲಸಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಈಗ ಪಟ್ಟಣದ ಬೆಳವಣಿಗೆಯು ಈ ಕಡತದಲ್ಲಿ ಹೇಗೆ ಬರೆಯುತ್ತದೆಯೆಂಬುದನ್ನು ನೋಡೋಣ. ಅದು ನಾಲ್ಕು ಬಗೆ.

ಮೊದಲನೆಯದು ಮಣ್ಣಿನ ಸವೆತ. ಗುಡ್ಡವನ್ನು ಕಡಿದು ನಿವೇಶನ ಮಾಡಿದಾಗ, ರಸ್ತೆಗಾಗಿ ಕಾಡನ್ನು ತೆಗೆದಾಗ, ಬೆತ್ತಲೆ ಮಣ್ಣು ಒಂದೆರಡು ಮಳೆಗಾಲಗಳಲ್ಲಿ ಹೊಳೆಗೆ ಇಳಿಯುತ್ತದೆ. ಈ ಮಣ್ಣಿನಲ್ಲಿ ಇಂಗಾಲವು ತೆಳುವಾಗಿರುವುದರಿಂದ ಅಳಿವೆಯಲ್ಲಿ ಹೂಳು ಹೆಚ್ಚಿದರೂ ಅದರ ಸತ್ವ ಕಡಿಮೆಯಾಗುತ್ತದೆ. ಪಾಯಸಕ್ಕೆ ನೀರು ಬೆರೆಸಿದ ಹಾಗೆ.

ಎರಡನೆಯದು ಇದಕ್ಕೆ ವಿರುದ್ಧವಾದುದು, ಅಣೆಕಟ್ಟು ಮತ್ತು ಮರಳುಗಾರಿಕೆ. ಪಟ್ಟಣಕ್ಕೆ ಕುಡಿಯುವ ನೀರು ಬೇಕು, ವಿದ್ಯುತ್ತು ಬೇಕು, ಕಟ್ಟಡಕ್ಕೆ ಮರಳು ಬೇಕು. ಅಣೆಕಟ್ಟಿನ ಹಿಂದೆ ಮೆಕ್ಕಲು ನಿಂತುಬಿಡುತ್ತದೆ. ಮನುಷ್ಯನ ಕೆಲಸಗಳಿಂದಾಗಿ ಜಗತ್ತಿನ ನದಿಗಳಲ್ಲಿ ಸವೆದು ಸಾಗುವ ಮಣ್ಣು ವರ್ಷಕ್ಕೆ ಸುಮಾರು 230 ಕೋಟಿ ಟನ್ನು ಹೆಚ್ಚಿದೆಯೆಂದೂ, ಆದರೂ ಜಲಾಶಯಗಳ ತಡೆಯಿಂದಾಗಿ ಕರಾವಳಿಯನ್ನು ಮುಟ್ಟುವ ಮಣ್ಣು ಸುಮಾರು 140 ಕೋಟಿ ಟನ್ನು ಕಡಿಮೆಯಾಗಿದೆಯೆಂದೂ 2005ರಲ್ಲಿ ಪ್ರಕಟವಾದ ಒಂದು ಲೆಕ್ಕವು ತಿಳಿಸುತ್ತದೆ. ಗುಡ್ಡದಲ್ಲಿ ಹೆಚ್ಚು, ಕಡಲಿನಲ್ಲಿ ಕಡಿಮೆ ಎಂಬ ಈ ವಿಚಿತ್ರವು ನಮ್ಮ ಕಾಲದ್ದು.

ಮೂರನೆಯದು ಚರಂಡಿ. ಮನೆ, ಹೋಟೆಲು, ಆಸ್ಪತ್ರೆ, ಮೀನಿನ ಶೆಡ್ಡು, ಕಸಾಯಿಖಾನೆಗಳ ಕೊಳೆನೀರು ಇಂಗಾಲವನ್ನು ನೇರವಾಗಿಯೇ ತರುತ್ತದೆ. ಅದಕ್ಕಿಂತಲೂ ದೊಡ್ಡದು ಅದರೊಡನೆ ಬರುವ ಸಾರಜನಕ, ರಂಜಕಗಳು. ಹೊಲಕ್ಕೆ ಗೊಬ್ಬರವಿದ್ದಂತೆ ಅವು ಪಾಚಿಗೆ ಗೊಬ್ಬರ. ನಾವು ಹೇಳಿದ ಪ್ರಮಾಣವನ್ನು ತೂಕಕ್ಕೆ ತಿರುಗಿಸಿದರೆ ಒಂದು ಗ್ರಾಮು ಸಾರಜನಕದಿಂದ ಆರು ಗ್ರಾಮಿನಷ್ಟು ಇಂಗಾಲವುಳ್ಳ ಪಾಚಿ ಹುಟ್ಟಬಲ್ಲುದು. ಅದೂ ಸತ್ತು ತಳಕ್ಕೇ ಬೀಳುತ್ತದೆ.

ನಾಲ್ಕನೆಯದು ತುಂಬುವುದು ಮತ್ತು ಅಗೆಯುವುದು. ಕಾಂಡ್ಲ ಗಿಡಗಳ ಕಾಡನ್ನು ಕಡಿದು ಮಣ್ಣು ತುಂಬಿ ಕಟ್ಟಡ ಕಟ್ಟುತ್ತಾರೆ. ಹಡಗು ಬರಲೆಂದು ಅಳಿವೆಯ ತಳವನ್ನು ಅಗೆಯುತ್ತಾರೆ. ಕಾಂಡ್ಲ ಕಾಡಿನ ಸಂಪತ್ತು ಅದರ ಮರದಲ್ಲಿಲ್ಲ, ಬೇರಿನ ಕೆಳಗಣ ಕೆಸರಿನಲ್ಲಿದೆ. ಹಿಂದೂ ಮಹಾಸಾಗರ ಹಾಗೂ ಪೆಸಿಫಿಕ್ ಸಾಗರಗಳ ದಡದ ಕಾಂಡ್ಲ ಕಾಡುಗಳನ್ನು ಅಳೆದಾಗ ಒಂದು ಹೆಕ್ಟೇರಿನಲ್ಲಿ ಸರಾಸರಿ 1,023 ಟನ್ನು ಇಂಗಾಲವಿದ್ದಿತೆಂದು 2011ರಲ್ಲಿ ಪ್ರಕಟಿಸಿದರು. ಅದರಲ್ಲಿ ಸುಮಾರು ಅರ್ಧದಿಂದ ಹಿಡಿದು ಹೆಚ್ಚುಕಡಿಮೆ ಪೂರ್ತಿಯವರೆಗೂ ಮಣ್ಣಿನಲ್ಲಿಯೇ ಇತ್ತು. ಅದನ್ನು ಕಡಿದು ಕೆಸರಿಗೆ ಗಾಳಿಯಾಡಿಸಿದರೆ ನೂರಾರು ವರ್ಷಗಳ ಉಳಿತಾಯ ಕೆಲವೇ ವರ್ಷಗಳಲ್ಲಿ ಕರಗತೊಡಗುತ್ತದೆ.

ಈ ನಾಲ್ಕು ಬಗೆಗಳನ್ನೂ ಒಟ್ಟಿಗೆ ಕಾಣಬೇಕಾದರೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಈ ರಾಜ್ಯದಲ್ಲಿಯೇ ಇರುವ ಕೊಚ್ಚಿಯನ್ನು ನೋಡಿದರೆ ಸಾಕು. ವೇಂಬನಾಡು ಹಿನ್ನೀರಿಗೆ ಪೆರಿಯಾರ್, ಮೂವಾಟ್ಟುಪುಳ, ಮೀನಚ್ಚಿಲ್, ಮಣಿಮಲ, ಪಂಪಾ, ಅಚ್ಚನ್‌ಕೋವಿಲ್ ಎಂಬ ಆರು ನದಿಗಳು ಬಂದು ಸೇರುತ್ತವೆ. ಕೊಚ್ಚಿಯು ಆ ಹಿನ್ನೀರಿನ ಬಾಗಿಲು. 1920ರಲ್ಲಿ ಅಲ್ಲಿಗೆ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರರು ಅಳಿವೆಗೆ ಅಡ್ಡಲಾಗಿದ್ದ ದಿಣ್ಣೆಯನ್ನು ಅಗೆಯಿಸಿ ಹಡಗಿನ ದಾರಿಯನ್ನು ತೆಗೆಸಿದರು. 1928ರಲ್ಲಿ ಹಡಗು ಒಳಗೆ ಬಂದಿತು. ಹೀಗೆ ತೋಡಿ ತೆಗೆದ ಕೆಸರು ಮರಳುಗಳಿಂದಲೇ ವಿಲ್ಲಿಂಗ್‌ಡನ್ ದ್ವೀಪವನ್ನು ಕಟ್ಟಿದರು. ಇಂದು ಆ ದ್ವೀಪದಲ್ಲಿ ನಡೆಯುವವನು ಹಿನ್ನೀರಿನ ಹಳೆಯ ತಳದ ಮೇಲೆಯೇ ನಡೆಯುತ್ತಾನೆ. ಆದರೆ ಒಮ್ಮೆ ತೋಡಿದರೆ ಮುಗಿಯಲಿಲ್ಲ. ಪ್ರತಿ ಉಬ್ಬರವಿಳಿತವೂ ನವುರಾದ ಕೆಸರನ್ನು ಮತ್ತೆ ತಂದು ತುಂಬುತ್ತದೆ. ಆದುದರಿಂದ ಆ ದಾರಿಯನ್ನು ತೋಡುತ್ತಲೇ ಇರಬೇಕಾಗಿದೆ. ಕೆಸರು ನೆಲೆಯಾಗಿ ನಿಂತು ಇಂಗಾಲವನ್ನು ಹೂಳಲು ಅಲ್ಲಿ ಬಿಡುವೇ ಇಲ್ಲದಂತಾಯಿತು.

ಅನಂತರ 1940ರ ದಶಕದಿಂದ ಪೆರಿಯಾರ್ ನದಿಯ ದಡದ ಏಲೂರಿನ ಸುತ್ತ ಕಾರ್ಖಾನೆಗಳು ಎದ್ದವು. ನದಿಯ ಮೇಲ್ಭಾಗದಲ್ಲಿ ಅಣೆಕಟ್ಟುಗಳು ಬಂದವು. 1967ರಲ್ಲಿ ಅಕ್ಕಪಕ್ಕದ ಊರುಗಳನ್ನು ಕೂಡಿಸಿ ಕೊಚ್ಚಿ ನಗರಸಭೆಯನ್ನು ರಚಿಸಿದರು. 1976ರಲ್ಲಿ ತಣ್ಣೀರ್‌ಮುಕ್ಕದ ಕಟ್ಟೆ ಮುಗಿಯಿತು. ಕುಟ್ಟನಾಡಿನ ಭತ್ತವನ್ನು ಉಪ್ಪುನೀರಿನಿಂದ ಉಳಿಸುವುದು ಅದರ ಉದ್ದೇಶ. ಆದರೆ ಕಟ್ಟೆ ಮುಚ್ಚಿದ ತಿಂಗಳುಗಳಲ್ಲಿ ಉಬ್ಬರದ ನೀರು ತೆಂಕಲ ಭಾಗವನ್ನು ತೊಳೆಯದಾಯಿತು. 2011ರಲ್ಲಿ ವಲ್ಲಾರ್‌ಪಾಡದಲ್ಲಿ ಸರಕುಪೆಟ್ಟಿಗೆಗಳ ದೊಡ್ಡ ನಿಲ್ದಾಣ ತೆರೆಯಿತು. ಇಷ್ಟಾದರೂ ಮುಚ್ಚಿದ ಒಳಚರಂಡಿಯು ನಗರದ ಅಲ್ಪಭಾಗಕ್ಕೆ ಮಾತ್ರ ಇದೆ. ಉಳಿದ ಕೊಳೆಯು ಕಾಲುವೆಗಳನ್ನು ಹಿಡಿದು ಹಿನ್ನೀರಿಗೇ ಇಳಿಯುತ್ತದೆ. ಹಿಂದೆ ದೋಣಿ ಸಾಗುತ್ತಿದ್ದ ಕಾಲುವೆಗಳ ನೀರು ಹಲವೆಡೆ ಕಪ್ಪಾಗಿ ನಿಂತಿದೆ.

ಇದರ ಫಲವೇನೆಂಬುದನ್ನು ಸಮುದ್ರವಿಜ್ಞಾನಿಗಳು ಅಳೆದಿದ್ದಾರೆ. ಯಾವ ಆರೋಗ್ಯವಂತ ಹಿನ್ನೀರಿನಲ್ಲಿಯೂ ಒಂದು ಕಡೆ ಪಾಚಿಯು ಇಂಗಾಲಾಮ್ಲ ವಾಯುವನ್ನು ಹೀರುತ್ತಿರುತ್ತದೆ, ಇನ್ನೊಂದು ಕಡೆ ಸೂಕ್ಷ್ಮಜೀವಿಗಳು ಕೊಳೆಯುವುದನ್ನು ತಿಂದು ಅದೇ ವಾಯುವನ್ನು ಬಿಡುತ್ತಿರುತ್ತವೆ. ಕೊಚ್ಚಿಯ ಹಿನ್ನೀರಿನಲ್ಲಿ ಹೀರುವುದಕ್ಕಿಂತ ಬಿಡುವುದೇ ಹೆಚ್ಚಾಗಿದೆಯೆಂದೂ, ಮನುಷ್ಯನು ಸುರಿಯುವ ಕೊಳೆಯು ಅದಕ್ಕೆ ಒಂದು ಕಾರಣವೆಂದೂ 2009ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಅಂದರೆ ಅಲ್ಲಿಯ ಉಗ್ರಾಣಕ್ಕೆ ಬರುವ ಧಾನ್ಯವೂ ಹೆಚ್ಚು, ಹೆಗ್ಗಣದ ಪಾಲು ಅದಕ್ಕಿಂತಲೂ ಹೆಚ್ಚು.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಕೇಳಬಹುದಾದ ಒಂದು ಪ್ರಶ್ನೆಯಿದೆ. ‘ಗುರುಗಳೆ, ಗಾಳಿಯಲ್ಲಿ ಇಂಗಾಲಾಮ್ಲ ವಾಯು ಹೆಚ್ಚಿದುದರಿಂದ ಭೂಮಿ ಬಿಸಿಯಾಗುತ್ತಿದೆಯೆಂದು ಪಾಠದಲ್ಲಿ ಓದಿದ್ದೇವೆ. ಕೆಸರಿನಲ್ಲಿ ಇಂಗಾಲ ಹೂತುಹೋದರೆ ಒಳ್ಳೆಯದಲ್ಲವೆ? ಹಾಗಾದರೆ ಚರಂಡಿಯಿಂದ ಕೆಸರಿನ ಇಂಗಾಲ ಹೆಚ್ಚಿದರೆ ಅದೂ ಒಳ್ಳೆಯದೇ ಅಲ್ಲವೆ?’ ಪ್ರಶ್ನೆ ನ್ಯಾಯವಾದುದು. ಇಂದಿನ ನಮ್ಮ ಮಾತಿನ ಹುರುಳೆಲ್ಲ ಇದರ ಉತ್ತರದಲ್ಲಿಯೇ ಇದೆ. ಕೆಸರಿನಲ್ಲಿ ಇಂಗಾಲವೆಷ್ಟು ಎಂದು ಕೇಳಿದರೆ ಸಾಲದು. ಅದು ಎಲ್ಲಿಂದ ಬಂದುದು, ಅಲ್ಲಿ ನೆಲೆ ನಿಲ್ಲುವುದೆ, ನಿಲ್ಲುವಾಗ ಯಾರ ಉಸಿರನ್ನು ತೆಗೆದುಕೊಂಡಿತು ಎಂದೂ ಕೇಳಬೇಕು.

ಕಾಂಡ್ಲದ ಬೇರು, ಮರದ ತೊಗಟೆ, ಎಲೆಯ ನಾರು ಇವು ಗಟ್ಟಿಯಾದ ಇಂಗಾಲ. ಸೂಕ್ಷ್ಮಜೀವಿಗಳಿಗೆ ಇವು ಬೇಗ ಜೀರ್ಣವಾಗವು. ಆದುದರಿಂದ ಶತಮಾನಗಳ ಕಾಲ ಉಳಿಯುತ್ತವೆ. ಚರಂಡಿಯ ಕೊಳೆ ಮತ್ತು ಅದರಿಂದ ಹುಟ್ಟಿದ ಪಾಚಿ ಮೆತ್ತಗಿನ ಇಂಗಾಲ. ಅದರ ಬಹುಪಾಲು ಬಿದ್ದ ಕೆಲವು ವಾರಗಳಲ್ಲಿಯೇ ಕೊಳೆಯುತ್ತದೆ. ಕೊಳೆಯುವಾಗ ಅದು ನೀರಿನ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಒಂದು ಗ್ರಾಮು ಇಂಗಾಲ ಪೂರ್ತಿ ಕೊಳೆಯಲು ಸುಮಾರು 2.7 ಗ್ರಾಮು ಆಮ್ಲಜನಕ ಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಒಂದು ಲೀಟರು ಚೊಕ್ಕ ಉಪ್ಪುನೀರಿನಲ್ಲಿ ಕರಗಿರಬಲ್ಲ ಆಮ್ಲಜನಕ ಆರೇಳು ಮಿಲಿಗ್ರಾಮು ಮಾತ್ರ. ಹಾಗಾದರೆ ಒಂದು ಗ್ರಾಮು ಇಂಗಾಲವು ಸುಮಾರು 400 ಲೀಟರು ನೀರಿನ ಉಸಿರನ್ನು ನುಂಗುತ್ತದೆ. ಒಂದು ಚಿಟಿಕೆಯಷ್ಟು ಕೊಳೆಗೆ ಇಪ್ಪತ್ತೈದು ಮೂವತ್ತು ಕೊಡಪಾನಗಳ ನೀರು!

ಉಸಿರು ತೀರಿದ ಮೇಲೆಯೂ ಕೊಳೆಯುವಿಕೆ ನಿಲ್ಲದು. ಆಮ್ಲಜನಕ ಬೇಡದ ಬೇರೆ ಸೂಕ್ಷ್ಮಜೀವಿಗಳು ಆಗ ಕೆಲಸಕ್ಕೆ ತೊಡಗಿ, ಕಡಲ ನೀರಿನಲ್ಲಿರುವ ಗಂಧಕದ ಲವಣಗಳನ್ನು ಬಳಸಿಕೊಂಡು, ಕೊಳೆತ ಮೊಟ್ಟೆಯಂತೆ ನಾರುವ ವಿಷವಾಯುವನ್ನು ಬಿಡುತ್ತವೆ. ಅದು ಮಣ್ಣಿನ ಕಬ್ಬಿಣದೊಡನೆ ಕೂಡಿದಾಗ ಕೆಸರು ಕಾಡಿಗೆಯಂತೆ ಕಪ್ಪಾಗುತ್ತದೆ. ಉಪ್ಪು ಕಡಿಮೆಯಿರುವೆಡೆ ಮಿಥೇನ್ ಅನಿಲವು ಗುಳ್ಳೆಗುಳ್ಳೆಯಾಗಿ ಏಳುತ್ತದೆ; ಗಾಳಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲಾಮ್ಲ ವಾಯುವಿಗಿಂತ ಬಲು ತೀಕ್ಷ್ಣವಾದುದು. ಕೆಸರಿನಲ್ಲಿ ಬಿಲ ತೋಡಿ ಗಾಳಿಯಾಡಿಸುತ್ತಿದ್ದ ಹುಳು ಏಡಿಗಳು ಸಾಯುತ್ತವೆ. ಮರುವಾಯಿ ಬಾಯಿ ತೆರೆದು ಸಾಯುತ್ತದೆ. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕಿ ಸಂಸಾರ ಸಾಗಿಸುವವರು ಬರಿಗೈಯಲ್ಲಿ ಮನೆಗೆ ಮರಳಬೇಕಾಗುತ್ತದೆ. ಹೀಗೆ ಉಸಿರುಗಟ್ಟಿದ ಕರಾವಳಿಯ ತಾಣಗಳು ಜಗತ್ತಿನಲ್ಲಿ 400ಕ್ಕೂ ಹೆಚ್ಚೆಂದು 2008ರಲ್ಲಿ ಎಣಿಸಿದ್ದರು. ಆದುದರಿಂದ ಸಾಲ ಮಾಡಿ ತುಂಬಿದ ಕಣಜವನ್ನು ಸಿರಿಯೆಂದು ಕರೆಯಲಾಗದಂತೆ, ಚರಂಡಿಯು ತುಂಬಿದ ಕೆಸರನ್ನೂ ಇಂಗಾಲದ ಭಂಡಾರವೆಂದು ಕರೆಯಲಾಗದು.

ದೋಷವೆಲ್ಲ ಪಟ್ಟಣದ್ದೇ ಎಂದು ನಾವು ಹೇಳಿದರೆ ಅದು ನ್ಯಾಯವಾಗದು. ಕತ್ತದ ಹಗ್ಗಕ್ಕಾಗಿ ತೆಂಗಿನ ಸಿಪ್ಪೆಯನ್ನು ಹೊಳೆಯ ಬದಿಯಲ್ಲಿ ತಿಂಗಳುಗಟ್ಟಲೆ ಕೊಳೆಹಾಕುವುದು ಈ ಕರಾವಳಿಯ ಹಳೆಯ ಕಸುಬು. ಸಿಪ್ಪೆ ಕೊಳೆಯುವ ಮಡುವಿನ ಕಪ್ಪು ಕೆಸರು, ಆ ನಾತ, ಮೀನಿಲ್ಲದ ನೀರು ಹಳ್ಳಿಯವರಿಗೆ ಗೊತ್ತಿಲ್ಲದುದಲ್ಲ. ಆದರೆ ಆ ಮಡುಗಳು ಅಲ್ಲಲ್ಲಿ ಒಂದೊಂದಿದ್ದವು. ಸುತ್ತಲಿನ ಹೊಳೆ ಉಸಿರಾಡುತ್ತಿತ್ತು. ಪಟ್ಟಣವು ಮಾಡುವುದೇನೆಂದರೆ ಇಡೀ ಅಳಿವೆಯನ್ನೇ ಅಂತಹ ಒಂದು ಮಡುವಾಗಿಸುವುದು. ಭೇದವು ಗುಣದಲ್ಲಿ ಅಲ್ಲ, ಅಳತೆಯಲ್ಲಿದೆ.

ಹಾಗೆಂದು ಪಟ್ಟಣ ಬೆಳೆಯಬಾರದೆಂಬುದೂ ನಮ್ಮ ಮತವಲ್ಲ. ನಮ್ಮ ಮಕ್ಕಳಿಗೆ ಕಾಲೇಜು, ರೋಗಿಗಳಿಗೆ ಆಸ್ಪತ್ರೆ, ಯುವಕರಿಗೆ ಉದ್ಯೋಗ ದೊರೆಯುವುದು ಪಟ್ಟಣದಿಂದಲೇ. ಕೊಳೆಯನ್ನು ಕೊಳೆಯಾಗಿಯೇ ಹೊಳೆಗೆ ಬಿಡಬೇಕೆಂಬ ನಿಯಮವೇನೂ ಪಟ್ಟಣಕ್ಕಿಲ್ಲ. ಇದಕ್ಕೆ ದೂರದ ಒಂದು ನಿದರ್ಶನವನ್ನು ಹೇಳುತ್ತೇವೆ. ಅಮೆರಿಕದ ಬಾಸ್ಟನ್ ನಗರದ ರೇವು ಒಂದು ಕಾಲದಲ್ಲಿ ಆ ದೇಶದ ಅತ್ಯಂತ ಹೊಲಸು ರೇವುಗಳಲ್ಲಿ ಒಂದೆಂದು ಹೆಸರಾಗಿತ್ತು. ನಗರದ ಕೊಳೆಯಿಂದ ಬೇರ್ಪಡಿಸಿದ ಗಸಿಯನ್ನೂ ಅಲ್ಲಿಯೇ ಸುರಿಯುತ್ತಿದ್ದರು. ನ್ಯಾಯಾಲಯದ ಕಟ್ಟಪ್ಪಣೆಯಾದ ಮೇಲೆ 1991ರಲ್ಲಿ ಗಸಿ ಸುರಿಯುವುದನ್ನು ನಿಲ್ಲಿಸಿದರು. ಅನಂತರ ಹೊಸ ಶುದ್ಧೀಕರಣ ಶಾಲೆಯನ್ನು ಕಟ್ಟಿ, 2000ದಲ್ಲಿ ಶುದ್ಧಮಾಡಿದ ನೀರನ್ನು ಸುರಂಗದ ಮೂಲಕ 9.5 ಮೈಲಿ ದೂರದ ಕಡಲಿಗೆ ಬಿಟ್ಟರು. ರೇವಿನ ಕೆಸರು ಅಂದಿನಿಂದ ನಿಧಾನವಾಗಿ ಚೇತರಿಸಿಕೊಂಡಿತು. ಕಪ್ಪು ಕೆಸರಿನ ಮೇಲೆ ಸಿಗಡಿಯ ಜಾತಿಯ ಚಿಕ್ಕ ಚಿಕ್ಕ ಪ್ರಾಣಿಗಳು ಬಂದು ಗೂಡು ಕಟ್ಟಿ, ಕೆಸರಿನೊಳಕ್ಕೆ ಆಮ್ಲಜನಕವನ್ನು ಇಳಿಸಿದವು. ಹಳೆಯ ಕೊಳೆಯನ್ನು ಅವೇ ತಿಂದು ತೀರಿಸಿದವು. ತಪ್ಪು ಲೆಕ್ಕ ಬರೆದ ಕೈಯೇ ಅದನ್ನು ತಿದ್ದಲೂಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ತಿದ್ದಲು ತಗುಲಿದ ಹಣವೂ ವರ್ಷಗಳೂ ಅಪಾರ. ಕೆಡದಂತೆ ಕಾಯುವುದೇ ಬಡವರಿಗೆ ದಾರಿ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಚಂದ್ರಗಿರಿಯು ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಪಯಸ್ವಿನಿಯೆಂಬ ಸವಿಹೆಸರಿನಿಂದ ಸುಳ್ಯದ ಪೇಟೆಯ ಬದಿಯಲ್ಲಿ ಹರಿದು, ಸುಮಾರು 105 ಕಿಲೋಮೀಟರು ಸಾಗಿ ನಮ್ಮ ಕೋಟೆಯ ಬುಡದಲ್ಲಿ ಕಡಲನ್ನು ಕೂಡುತ್ತದೆ. 1956ರ ನವೆಂಬರ್ 1ರಂದು ನಾಡುಗಳಿಗೆ ಗಡಿ ಬಿದ್ದಿತು. ಹೊಳೆಗೆ ಗಡಿ ಬೀಳಲಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಆ ಮಣ್ಣು ಪಯಸ್ವಿನಿಗೇ ಇಳಿಯಿತು. ಸುಳ್ಯದ ಚರಂಡಿಯೂ ಕಾಸರಗೋಡಿನ ಚರಂಡಿಯೂ ಒಂದೇ ಕಡತದಲ್ಲಿ ಬರೆಯುತ್ತವೆ. ಗಡಿಯಾಚೆಯವರೊಡನೆ ನಮ್ಮ ಸಂಬಂಧವೆಂದರೆ ಭಾಷೆಯೊಂದೇ ಎಂದು ತಿಳಿದಿದ್ದೆವು. ಕೆಸರೂ ಒಂದು ಸಂಬಂಧವೆಂದು ಈಗ ತಿಳಿಯಬೇಕಾಗಿದೆ.

ಆದುದರಿಂದ ಈ ಸಂಘದ ಕುಟುಂಬಗಳಲ್ಲಿ ನಮ್ಮದು ನಾಲ್ಕು ಅರಿಕೆಗಳು.

ಒಂದು, ಮನೆಯ ಕಕ್ಕಸಿನ ಗುಂಡಿ ತುಂಬಿದಾಗ ಟ್ಯಾಂಕರಿನವನನ್ನು ಕರೆಯುತ್ತೇವೆ. ಹಣ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತೇವೆ. ಅವನು ಅದನ್ನು ಎಲ್ಲಿ ಸುರಿಯುತ್ತಾನೆಂದು ಒಂದು ಮಾತು ಕೇಳೋಣ. ಆ ಒಂದು ಪ್ರಶ್ನೆಯನ್ನು ಊರಿನ ಎಲ್ಲರೂ ಕೇಳಿದರೆ ರಾತ್ರಿಯ ಹೊತ್ತು ತೋಡಿನ ಬದಿಯಲ್ಲಿ ಟ್ಯಾಂಕರು ನಿಲ್ಲಿಸಲು ಯಾರಿಗೂ ಧೈರ್ಯ ಬಾರದು.

ಎರಡು, ಹೊಳೆಯ ಬದಿಯಲ್ಲಿ ಜಾಗವುಳ್ಳವರು ಕಾಂಡ್ಲ ಗಿಡವನ್ನು ಕಳೆಯೆಂದು ಕಡಿಯದಿರಲಿ. ಕೊಚ್ಚಿಯ ನಡುಪೇಟೆಯಲ್ಲಿ, ಹೈಕೋರ್ಟಿನ ಹಿಂಬದಿಯಲ್ಲಿ, ಮಂಗಳವನವೆಂಬ ಮೂರು ಹೆಕ್ಟೇರಿಗೂ ಕಡಿಮೆಯ ಕಾಂಡ್ಲದ ತುಂಡೊಂದು ಉಳಿದಿದೆ. 2004ರಲ್ಲಿ ಅದನ್ನು ಪಕ್ಷಿಧಾಮವೆಂದು ಸಾರಿದರು. ಅಷ್ಟು ದೊಡ್ಡ ನಗರಕ್ಕೆ ಕೊನೆಗೆ ಅಷ್ಟು ಚಿಕ್ಕ ತುಂಡನ್ನು ಹಾಗೆ ಕಾಯಬೇಕಾಯಿತು. ನಮ್ಮಲ್ಲಿ ಇನ್ನೂ ಇರುವಾಗಲೇ ಕಾಯುವುದು ಸುಲಭ.

ಮೂರು, ಗುಡ್ಡ ಕಡಿದು ಮನೆ ಕಟ್ಟುವವರು ಮಳೆಗಾಲಕ್ಕೆ ಮುಂಚೆ ಬೆತ್ತಲೆ ಮಣ್ಣಿಗೆ ಕಟ್ಟೆಯನ್ನೋ ಹುಲ್ಲನ್ನೋ ಹೊದಿಸಲಿ. ಮಣ್ಣು ನಮ್ಮ ಹಿತ್ತಿಲಿನಲ್ಲಿದ್ದರೆ ಸಂಪತ್ತು, ಹೊಳೆಯಲ್ಲಿ ಹೂಳು.

ನಾಲ್ಕನೆಯದು ಶಾಲೆಗೆ ಸೇರಿದುದು. ನಮ್ಮ ಮಕ್ಕಳು ಅಳಿವೆಯ ಕೆಸರನ್ನು ತಾವೇ ಓದಲು ಕಲಿಯಲಿ. ಇದಕ್ಕೆ ಬಹಳ ಹಣ ಬೇಡ. ನಮ್ಮ ರೈತರು ಸುಡುಮಣ್ಣು ಮಾಡುವುದನ್ನು ತಾವೆಲ್ಲ ಕಂಡಿದ್ದೀರಿ. ಕಪ್ಪು ಮಣ್ಣು ಉರಿಯಲ್ಲಿ ಬೆಂದು ಕೆಂಪಾಗುತ್ತದೆ. ಅದರಲ್ಲಿದ್ದ ಇಂಗಾಲ ಹೊಗೆಯಾಗಿ ಹೋಗುತ್ತದೆ. ವಿಜ್ಞಾನಶಾಲೆಯ ಪರೀಕ್ಷೆಯೂ ಇದೇ ತತ್ತ್ವದ್ದು. ಕೆಸರನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ತೆಗೆದು, ಚೆನ್ನಾಗಿ ಒಣಗಿಸಿ ತೂಗಿ, ಸುಮಾರು 550 ಡಿಗ್ರಿಯ ಕುಲುಮೆಯಲ್ಲಿ ಕೆಲವು ಗಂಟೆ ಸುಟ್ಟು ಮತ್ತೆ ತೂಗಬೇಕು. ಕಡಿಮೆಯಾದ ತೂಕದಲ್ಲಿ ಹತ್ತಿರಹತ್ತಿರ ಅರ್ಧವು ಇಂಗಾಲವೆಂದು ಎಣಿಸಬಹುದು. ಜೇಡಿಯಲ್ಲಿ ಅಡಗಿದ ನೀರೂ ಉರಿಯಲ್ಲಿ ಹೋಗುವುದರಿಂದ ಲೆಕ್ಕವು ಸ್ವಲ್ಪ ಹೆಚ್ಚಾಗಿ ಬರುತ್ತದೆಯೆಂಬ ಎಚ್ಚರ ಇರಬೇಕು. ಮರಳು ಮರಳಾದ ಕೆಸರಿನಲ್ಲಿ ಸಾಮಾನ್ಯವಾಗಿ ಇಂಗಾಲವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಜೇಡಿಯಲ್ಲಿ ಎರಡು, ಮೂರು, ಕೆಲವೆಡೆ ನಾಲ್ಕು. ಆದುದರಿಂದ ಮರಳನ್ನು ಮರಳಿಗೂ ಜೇಡಿಯನ್ನು ಜೇಡಿಗೂ ಹೋಲಿಸಬೇಕು. ಶಾಲೆಯಲ್ಲಿ ಅಂತಹ ಕುಲುಮೆ ಇಲ್ಲದಿದ್ದರೆ ಕಾಲೇಜಿನ ಪ್ರಯೋಗಶಾಲೆಯವರನ್ನು ಕೇಳಿಕೊಳ್ಳಬಹುದು. ಮಕ್ಕಳು ಹಿರಿಯರೊಡನೆ, ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ಅದೇ ಅದೇ ಜಾಗಗಳಿಂದ ಕೆಸರನ್ನು ತರಲಿ. ಬಣ್ಣ, ನಾತ, ತೂಕ, ಸಿಕ್ಕಿದ ಜೀವಿಗಳು, ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ.

ಆ ಪುಸ್ತಕವು ಕನ್ನಡದಲ್ಲಿರಲಿ ಎಂಬುದು ನಮ್ಮ ಕೊನೆಯ ಬಿನ್ನಹ. ಕನ್ನಡವು ಹಾಡಿಗೂ ನಾಟಕಕ್ಕೂ ಮಾತ್ರ ಸಲ್ಲುವ ಭಾಷೆಯೆಂದು ನಮ್ಮ ಮಕ್ಕಳೇ ಹೇಳುವ ಕಾಲ ಬಂದಿದೆ. ಹತ್ತು ವರ್ಷಗಳ ಕಾಲ ಒಂದು ಹೊಳೆಯ ಕೆಸರನ್ನು ತಪ್ಪದೆ ಅಳೆದು ಕನ್ನಡದಲ್ಲಿ ಬರೆದಿಟ್ಟರೆ, ನಾಳೆ ಪೇಟೆಯ ಚರಂಡಿಯ ವಿಷಯವಾಗಿ ಯಾವ ಅಧಿಕಾರಿಗಳ ಮುಂದೆಯಾದರೂ ಇಡಬಹುದಾದ ಸಾಕ್ಷ್ಯ ಅದಾಗುತ್ತದೆ. ಬೇಡಿಕೆಯ ಪತ್ರಗಳನ್ನು ಈ ಗಡಿನಾಡಿನ ನಾವು ಬಹಳ ಬರೆದಿದ್ದೇವೆ. ಲೆಕ್ಕದ ಪುಸ್ತಕವನ್ನೂ ಒಂದಿಷ್ಟು ಬರೆಯೋಣ.

ಹಳೆಯ ಕಡತದ ಒಂದು ಗುಣವನ್ನು ಹೇಳಿ ಮುಗಿಸುತ್ತೇವೆ. ಅದರ ಬರಹ ಅಳಿಸಬಹುದಾದುದಾಗಿತ್ತು. ಒರಸಿ, ಮತ್ತೆ ಮಸಿ ಬಳಿದು, ಹೊಸದಾಗಿ ಬರೆಯುತ್ತಿದ್ದರು. ಅಳಿವೆಯ ಕಡತಕ್ಕೆ ಆ ಅನುಕೂಲವಿಲ್ಲ. ನಾವು ಬರೆದುದರ ಮೇಲೆ ಮುಂದಿನವರು ಬರೆಯಬಹುದಲ್ಲದೆ ನಮ್ಮ ಪದರವನ್ನು ಅಳಿಸಲಾರರು. ನೂರು ವರ್ಷಗಳ ಅನಂತರ ಯಾರೋ ಒಬ್ಬ ವಿದ್ಯಾರ್ಥಿ ಚಂದ್ರಗಿರಿಯ ಅಳಿವೆಗೆ ಕೊಳವೆ ಇಳಿಸಿ ನಮ್ಮ ಈ ದಿನಗಳ ಪದರವನ್ನು ಬೆಳಕಿಗೆ ಹಿಡಿದಾನು. ಅದರಲ್ಲಿ ಅವನಿಗೆ ಕಾಂಡ್ಲದ ಬೇರಿನ ನಾರು ಕಾಣಲಿ, ಮರುವಾಯಿಯ ಚಿಪ್ಪು ಕಾಣಲಿ.